ಮಲಗಿದವರ ಪಾಲು

ಹಗ್ಗ ಹಿಡಿದ ಕೈ ಎಳೆಯುತ್ತಿದೆಯೋ ಇಲ್ಲವೋ ಎಂಬುದು ನೋಡುವವರಿಗೆ ಗೊತ್ತಾಗುವುದಿಲ್ಲ. ಬೆನ್ನು ಹಿಂದಕ್ಕೆ ವಾಲಿರಬೇಕು, ಹಿಮ್ಮಡಿ ಕಡಲ ಮರಳಿನಲ್ಲಿ, ಹೊಯ್ಗೆಯಲ್ಲಿ, ಹೂತಿರಬೇಕು, ಕತ್ತಿನ ನರ ಉಬ್ಬಿರಬೇಕು, ಐಲೇಸಾ ಎನ್ನುವಾಗ ಬಾಯಿ ಪಕ್ಕದವನಿಗಿಂತ ಒಂದು ಬೆರಳು ಹೆಚ್ಚೇ ತೆರೆದಿರಬೇಕು. ಇಷ್ಟಾದರೆ ಸಾಕು. ಈ ಸಲ ಮಳೆಗಾಲ ಕಳೆದು ಕೈರಂಪಣಿ ಬಲೆ ಕಡಲಿಗೆ ಬಿದ್ದ ಮೊದಲ ದಿನದಿಂದಲೂ ಸೂರ ಹೀಗೇ ಮಾಡುತ್ತ ಬಂದಿದ್ದ. ಹಗ್ಗ ಅವನ ಎರಡು ಮುಷ್ಟಿಯೊಳಗೆ ಇರುತ್ತಿತ್ತು, ಮೈಯ ಭಾರ ಅದರ ಮೇಲೆ ಇರುತ್ತಿರಲಿಲ್ಲ. ಐವತ್ತಮೂರನೆಯ ವಯಸ್ಸಿನಲ್ಲಿ ಕಲಿತ ಹೊಸ ಕಸುಬು ಇದು. ಎಷ್ಟು ಚೆನ್ನಾಗಿ ಕಲಿತಿದ್ದನೆಂದರೆ, ಬಲೆಯ ಯಜಮಾನಿಕೆ ನೋಡುವ ಕುಷ್ಟ ಮೊನ್ನೆ ಎಲ್ಲರೆದುರು, "ಸೂರನ್ನ ಕಂಡ್ ಕಲೀನಿ ಮಕ್ಳೆ. ಈ ಪ್ರಾಯದಗೂ ಕೋಣ ಎಳ್ದಾಂಗ್ ಎಳೀತ" ಎಂದು ಹೊಗಳಿದ್ದ. ಆ ಹೊಗಳಿಕೆ ಕೇಳಿದಾಗ ಸೂರನಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಹಿತವಾಯಿತು. ಹಿತವಾದದ್ದು ಮಾತ್ರ ಆಮೇಲೆ ಎರಡು ದಿನ ಗಂಟಲಲ್ಲಿ ಮುಳ್ಳಿನ ಹಾಗೆ ನಿಂತಿತ್ತು.

ಈಗಲೂ ಹಗ್ಗ ಮುಷ್ಟಿಯೊಳಗಿತ್ತು. ನಾವುಂದದ ಆಚೆಯ ಕಡಲಕರೆಯಲ್ಲಿ ಬೆಳಗಿನ ಬಿಸಿಲು ಇನ್ನೂ ನೆತ್ತಿಗೆ ಏರಿರಲಿಲ್ಲ. ದೋಣಿ ಬಲೆಯನ್ನು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬಂದಾಗಿತ್ತು. ಬಲೆಯ ಎರಡು ತುದಿಯಿಂದ ಎರಡು ಹಗ್ಗ ದಡಕ್ಕೆ ಬಂದಿದ್ದವು. ಒಂದೊಂದು ಹಗ್ಗಕ್ಕೆ ಇಪ್ಪತ್ತು ಇಪ್ಪತ್ತು ಜನ ಕಡಲಿಗೆ ಮುಖ ಮಾಡಿ ಸಾಲಾಗಿ ನಿಂತು ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದರು. ಸಾಲಿನ ಕೊನೆ ಮುಟ್ಟಿದವರು ಹಗ್ಗ ಬಿಟ್ಟು, ನಡೆದು ನೀರಿನ ಅಂಚಿಗೆ ಬಂದು ಮತ್ತೆ ಹಿಡಿಯಬೇಕು. ಹೀಗೆ ಸುತ್ತು ಹೊಡೆಯುತ್ತಲೇ ಇರಬೇಕು, ಬಲೆಯ ಚೀಲ ಹೊಯ್ಗೆ ಮುಟ್ಟುವವರೆಗೆ. ಬರಿಗೈಯಲ್ಲಿ ನೀರಿನ ಕಡೆ ನಡೆಯುವ ಆ ಮೂವತ್ತು ಹೆಜ್ಜೆ ಮಾತ್ರ ಸೂರನಿಗೆ ನೆಮ್ಮದಿ. ಅಷ್ಟು ಹೊತ್ತು ಅವನು ಯಾರಿಗೂ ಮೋಸ ಮಾಡುತ್ತಿರಲಿಲ್ಲ. ಅಂಚು ಹತ್ತಿರವಾದ ಹಾಗೆ ಬಲಗಂಕುಳಿನೊಳಗೆ ಅದು ಎದ್ದು ಕೂರುತ್ತಿತ್ತು. ವೈಶಾಖದಲ್ಲಿ ಗೇರುಬೀಜದಷ್ಟಿದ್ದ ಗಂಟು ಈಗ ಲಿಂಬೆಕಾಯಿಯಷ್ಟಾಗಿತ್ತು. ಕೈ ಎತ್ತಿ ಹಗ್ಗಕ್ಕೆ ಜೋತರೆ ಕಂಕುಳಿನಿಂದ ಕಿರುಬೆರಳವರೆಗೆ ಯಾರೋ ಕಾದ ತಂತಿ ಎಳೆದ ಹಾಗೆ.

"ಇವತ್ತ್ ಕುಷ್ಟ ಮಾವನ ಹತ್ರ ಹೇಳ್ಕ್ ಅಪ್ಪಯ್ಯ," ಎಂದಿದ್ದಳು ಮಗಳು ಸುರಕ್ಷಾ, ಬೆಳಿಗ್ಗೆ ಅವನು ಗಂಜಿ ಉಣ್ಣುವಾಗ ಎದುರು ಕುಕ್ಕರಗಾಲಲ್ಲಿ ಕೂತು. "ಸೋಮವಾರ ನಾವ್ ದೊಡ್ಡಾಸ್ಪತ್ರಿಗೆ ಹೊಯ್ಕ್. ಆರ್ ತಿಂಗ್ಳ್ ನೀವ್ ಹಗ್ಗ ಮುಟ್ಟುಕಿಲ್ಲೆ. ಮನಿಗ್ ಮೀನ್ ಬಪ್ಪುದ್ ಹ್ಯಾಂಗೆ? ಪಾಲ್ ಕೇಣಿ. ನೀವ್ ಕೇಳದಿರೆ ನಾನೇ ಕರಿಗ್ ಬಂದ್ ಕೇಂತೆ."

"ನಿಂಗೆ ಗೊತ್ತಾತ್ತಿಲ್ಲೆ, ಬಾಯ್ ಮುಚ್," ಎಂದಿದ್ದ ಅವನು.

ಒಳಗೆ ಕಾಯಿ ಹೆರೆಯುತ್ತಿದ್ದ ಹೆಂಡತಿ ವನಜ, "ಎಂತ ಅಪ್ಪ ಮಗ್ಳ್ ಗುಸುಗುಸು?" ಎಂದು ಕೇಳಿದ್ದಳು. ಕಾಲೇಜಿನ ವಿಷಯ ಎಂದು ಹೇಳಿ ಸೂರ ಕೈ ತೊಳೆದು ಎದ್ದಿದ್ದ. ವನಜಳಿಗೆ ಇನ್ನೂ ಹೇಳಿರಲಿಲ್ಲ. ಹೇಳಿದರೆ ಅವಳು ಮೊದಲು ಯಾರ ಹೆಸರು ಎತ್ತುತ್ತಾಳೆ ಎಂದು ಅವನಿಗೆ ಗೊತ್ತಿತ್ತು.

ಪಾಲು ಕೇಳುವುದು! ಕೇಳುವುದಕ್ಕೆ ಪಾಲು ಎಲ್ಲಿತ್ತು? ಈ ಕರೆಯ ಕಟ್ಟಳೆ ಸರಳ. ಬಲೆಯ ಚೀಲ ಹೊಯ್ಗೆ ಮುಟ್ಟುವ ಮೊದಲು ಹಗ್ಗ ಎಳೆದವರಿಗೆಲ್ಲ ಒಂದೊಂದು ರಾಶಿ ಮೀನು. ಹೆಂಗಸಾಗಲಿ, ಗಂಡಸಾಗಲಿ, ಹೆದ್ದಾರಿಯಲ್ಲಿ ಹೋಗುವ ಲಾರಿ ನಿಲ್ಲಿಸಿ ಇಳಿದು ಬಂದು ನಾಲ್ಕು ಹೆಜ್ಜೆ ಎಳೆದವನಾಗಲಿ, ಅವನಿಗೂ ಒಂದು ರಾಶಿ. ಹಿಂದೆ ಇನ್ನೊಂದು ರಾಶಿಯೂ ಇತ್ತು. ಸಾಲಿನ ತುದಿಯಲ್ಲಿ, ಸ್ವಲ್ಪ ದೂರ ಬಿಟ್ಟು ಹಾಕುತ್ತಿದ್ದರು. ಅದಕ್ಕೆ ಮಲಗಿದವರ ಪಾಲು ಎಂದು ಹೆಸರು. ಕಾಯಿಲೆ ಬಿದ್ದವರ ಮನೆಗೆ, ಬಾಣಂತಿ ಮನೆಗೆ, ಆ ದಾರಿಯಲ್ಲಿ ಹೋಗುವವರು ಯಾರಾದರೂ ಒಯ್ದು ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಕೇಳುವುದು ಇರಲಿಲ್ಲ, ಕೊಟ್ಟೆವೆಂದು ಹೇಳುವುದೂ ಇರಲಿಲ್ಲ. ಅಪ್ಪ ಸೊಂಟ ಮುರಿದುಕೊಂಡು ಎರಡು ವರ್ಷ ಮಲಗಿದ್ದಾಗ ಸೂರನ ಮನೆಗೆ ಬಂದದ್ದು ಅದೇ ಪಾಲು. ಅದನ್ನು ತಿಂದೇ ಅವನ ತೋಳಿನಲ್ಲಿ ಮಾಂಸ ತುಂಬಿದ್ದು. ಆ ತೋಳನ್ನು ಎತ್ತಿಯೇ ಅವನು ತೊಂಬತ್ತೆಂಟನೇ ಇಸವಿಯಲ್ಲಿ ಈ ಹೊಯ್ಗೆಯ ಮೇಲೆ ನಿಂತು, "ಎಳೀದಿದ್ದವ್ರಿಗೆ ಮೀನಿಲ್ಲೆ" ಎಂದು ಕೂಗಿದ್ದು. ಆ ವರ್ಷ ಟ್ರಾಲ್ ಬೋಟುಗಳು ಕರೆಯ ಹತ್ತಿರವೇ ಬಂದು ಗೋರಿಕೊಂಡು ಹೋಗುತ್ತಿದ್ದವು, ರಂಪಣಿಗೆ ಬೀಳುವುದು ಲೊಳೆ ಮತ್ತು ಕಸ. ಎಲ್ಲರಿಗೂ ಸಿಟ್ಟಿತ್ತು. ಬೋಟಿನವರ ಮೇಲಿನ ಸಿಟ್ಟನ್ನು ಬೋಟಿನವರ ಮೇಲೆ ತೀರಿಸುವ ಹಾಗಿರಲಿಲ್ಲ. ಮಲಗಿದವರು ಹತ್ತಿರ ಇದ್ದರು. ಕುಷ್ಟ ಮಾತಾಡಲಿಲ್ಲ, ಯಾರೂ ಮಾತಾಡಲಿಲ್ಲ, ಮರುದಿನದಿಂದ ಆ ರಾಶಿ ಬೀಳಲಿಲ್ಲ.

"ಐಲೇಸಾ!" ಎಂದ ಸೂರ, ಎಲ್ಲರಿಗಿಂತ ದೊಡ್ಡದಾಗಿ.

ಅವನ ಹಿಂದೆ ಅಕ್ಕು ಇದ್ದಳು. ಅರವತ್ತು ದಾಟಿದ ಹೆಂಗಸು, ಮೊಣಕಾಲಿಗೆ ಹಳೇ ಸೀರೆಯ ಪಟ್ಟಿ ಸುತ್ತಿಕೊಂಡು ಬರುತ್ತಾಳೆ. ಸುತ್ತು ಎಷ್ಟು ಹೊಡೆದರೂ ಅವಳ ಜಾಗ ಅವನ ಬೆನ್ನ ಹಿಂದೆಯೇ. ಎರಡು ತಿಂಗಳಿಂದ ಅವಳು ಅವನ ಬೆನ್ನನ್ನೇ ನೋಡುತ್ತಿದ್ದಾಳೆ. ಅವಳಿಗೆ ಗೊತ್ತಿರದೆ ಇರುವುದಕ್ಕೆ ಸಾಧ್ಯವೇ ಇಲ್ಲ ಎಂದು ಸೂರನಿಗೆ ಗೊತ್ತಿತ್ತು. ಎದುರಿನವನು ಎಳೆದರೆ ಅವನ ಹಿಂದಿನ ಹಗ್ಗ ಒಂದಿಷ್ಟು ಹಗುರಾಗುತ್ತದೆ. ಎಳೆಯದಿದ್ದರೆ ಆಗುವುದಿಲ್ಲ. ಅಕ್ಕುವಿನ ಕೈಗೆ ಬರುವುದು ಕಡಲು ಕೊಟ್ಟ ಭಾರವೇ, ನಡುವೆ ಸೂರ ಎಂಬವನು ಇಲ್ಲವೇ ಇಲ್ಲ ಎನ್ನುವ ಹಾಗೆ. ಒಮ್ಮೆಯೂ ಅವಳು ಏನನ್ನೂ ಹೇಳಿರಲಿಲ್ಲ. ಅವಳ ಉಸಿರು ಮಾತ್ರ ಅವನ ಬೆನ್ನಿಗೆ ತಾಗುತ್ತಿತ್ತು. ಕೆಲವೊಮ್ಮೆ ತಿರುಗಿ, ಹೇಳು ಮಾರಾಯ್ತಿ, ಹೇಳಿಬಿಡು ಎಂದು ಕಿರುಚಬೇಕೆನಿಸುತ್ತಿತ್ತು.

ನಿನ್ನೆ ಕುಂದಾಪುರದಲ್ಲಿ ಡಾಕ್ಟರು ಮಗಳ ಹತ್ತಿರವೇ ಮಾತಾಡಿದರು. ಅವನು ಅಂಗಿ ಬಿಚ್ಚಿ ಸ್ಟೂಲಿನ ಮೇಲೆ ಕೂತಿದ್ದ, ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆ ನಡುವೆ ಇಟ್ಟುಕೊಂಡು. ಅವನ ತಲೆಯ ಮೇಲಿಂದ ಇಂಗ್ಲಿಷಿನಲ್ಲಿ ಮಾತು ಹೋಯಿತು, ಬಂತು. ಮಗಳ ಮುಖ ಮಾತ್ರ ಅವನಿಗೆ ಓದಲು ಬರುತ್ತಿತ್ತು, ಅದನ್ನು ಓದಿದ. ಕೊನೆಗೆ ಡಾಕ್ಟರು ಕನ್ನಡದಲ್ಲಿ ಹೇಳಿದ್ದು ಒಂದೇ ಮಾತು, "ಅಪ್ಪನಿಗೆ ಅಂಗಿ ಹಾಕ್ಕೊಳ್ಳಲಿಕ್ಕೆ ಹೇಳಿ." ಅಷ್ಟು ಹೊತ್ತು ಸುಮ್ಮನೆ ಬಿಚ್ಚಿಕೊಂಡು ಕೂತಿದ್ದೆನೇ ಎಂದು ಸೂರನ ಕಿವಿ ಕಾದಿತ್ತು. ಬಸ್ಸಿನಲ್ಲಿ ಬರುವಾಗ, ರಸ್ತೆ ಅಗಲ ಮಾಡಲು ಅಗೆದ ಕೆಂಪು ಧೂಳು ಕಿಟಕಿಯಿಂದ ಒಳಗೆ ನುಗ್ಗುತ್ತಿದ್ದಾಗ, ಅವನು ಮಗಳನ್ನು ಗದರಿಸಿಯೇ ಕೇಳಿದ್ದ, "ಯಾರ್ ಮಾಡ್ದದ್ದ್ ಇದನ್ನ?" ಯಾರೋ ಮಾಟ ಮಾಡಿದ್ದಾರೆ, ಹೆಸರು ಹೇಳಿದರೆ ಹೋಗಿ ಹಲ್ಲು ಮುರಿಯುತ್ತೇನೆ ಎನ್ನುವ ಹಾಗೆ.

"ಯಾರೂ ಮಾಡ್ದದ್ದಲ್ಲ. ನಿಮ್ಮ ಮೈದೇ ಒಂದ್ ಕಣ. ಅದ್ ಮಾತ್ ಕೇಂಬುದ್ ಬಿಟ್ಟಿತ್."

"ಯಾರ ಮಾತ್?"

"ಉಳ್ದ ಕಣಗಳ ಮಾತ್."

ಬಿಎಸ್ಸಿ ಎರಡನೇ ವರ್ಷದಲ್ಲಿರುವ ಹುಡುಗಿ ಅದು. ಅಳು ಬಂದರೆ ಪಾಠ ಹೇಳಲು ಶುರು ಮಾಡುತ್ತದೆ. ಮರವಂತೆಯಲ್ಲಿ ಕಡಲು ರಸ್ತೆಯ ಪಕ್ಕಕ್ಕೇ ಬಂದಾಗ ಅತ್ತ ಕೈ ತೋರಿಸಿ, ಎಲ್ಲ ಮೊದಲಾದದ್ದು ಅಲ್ಲೇ ಎಂದಳು. ಕೋಟಿ ಕೋಟಿ ವರ್ಷ ಕಡಲಿನಲ್ಲಿ ಇದ್ದದ್ದೆಲ್ಲ ಒಂಟಿ ಕಣಗಳು. ತನ್ನ ಅನ್ನ ತಾನು ಹುಡುಕುವುದು, ಹೊಟ್ಟೆ ತುಂಬಿದರೆ ಒಡೆದು ಎರಡಾಗುವುದು, ಆದ ಎರಡೂ ಒಂದರ ಮುಖ ಒಂದು ನೋಡದೆ ಬೇರೆ ಬೇರೆ ದಾರಿ ಹಿಡಿಯುವುದು. ಆಮೇಲೆ ನುಂಗುವ ಕಣಗಳು ಬಂದವು. ಒಂಟಿ ಸಿಕ್ಕಿದ್ದನ್ನು ನುಂಗಿದವು. ಒಡೆದ ಮೇಲೂ ಬಿಡಿಸಿಕೊಳ್ಳಲು ಬಾರದೆ ಅಂಟಿಕೊಂಡೇ ಉಳಿದ ಕೆಲವು ಮಾತ್ರ, ದೊಡ್ಡ ಮುದ್ದೆಯಾದ್ದರಿಂದ ಬಾಯಿಗೆ ಹಿಡಿಸದೆ ಬದುಕಿದವು. ಪ್ರೀತಿಯಿಂದ ಅಂಟಿದ್ದಲ್ಲ ಅಪ್ಪಯ್ಯ, ಬಿಡಿಸಿಕೊಳ್ಳಲು ಆಗದ್ದಕ್ಕೆ ಎಂದಳು. ಸೀಸೆಯಲ್ಲಿ ಪಾಚಿ ಹಾಕಿ, ಅದನ್ನು ನುಂಗುವ ಕಣವನ್ನು ಬಿಟ್ಟು ನೋಡಿದ್ದಾರಂತೆ, ಕೆಲವೇ ದಿನದಲ್ಲಿ ಪಾಚಿ ಗುಂಪು ಕಟ್ಟಿತಂತೆ. ಗುಂಪಾದ ಮೇಲೆ ಕೆಲಸ ಹಂಚಿಕೊಂಡವು. ಹೊರಗಿನವು ದೋಣಿಯವರ ಹಾಗೆ ಹುಟ್ಟು ಹಾಕಿ ಮುದ್ದೆಯನ್ನು ಮುಂದೆ ನೂಕಿದವು, ಒಳಗಿನವು ಅನ್ನ ಅರಗಿಸಿದವು. ಕೆಲವನ್ನು ಮಾತ್ರ ಬೀಜಕ್ಕೆಂದು ಇಟ್ಟು ಉಳಿದವು ತಮ್ಮ ವಂಶ ಮುಂದುವರಿಸುವುದನ್ನೇ ಬಿಟ್ಟು ದುಡಿದು ಸತ್ತವು.

"ಹಾಂಗಾರೆ ಅವ್ಕೆ ಎಂತ ಸಿಕ್ತ್?"

"ಪಾಲ್ ಸಿಕ್ತ್. ಅನ್ನ ಎಲ್ಲಕ್ಕೂ ಹರ್ದ್ ಬತ್ತ್. ಮತ್ತೆ ಎಲ್ಲ ಒಂದರಿಂದಲೇ ಹುಟ್ದದ್ದಲ್ದಾ, ಬೀಜದ ಒಳಗೂ ಇಪ್ಪುದ್ ಅದೇ."

ಪಾಲು ಎಂದೊಡನೆ ಸೂರನಿಗೆ ಎಲ್ಲ ಅರ್ಥವಾಗಿಬಿಟ್ಟಿತ್ತು. "ಕಳ್ಳ ಇಪ್ಪುದಿಲ್ಯಾ ಅದ್ರಗೆ? ದುಡೀದೆ ಪಾಲ್ ತಿಂಬುದ್?"

"ಇರತ್. ಅದ್ರ ಮೇಲೆ ಕಣ್ಣಿಟ್ಕಂಡ್ ಇರ್ತೊ. ಸಿಕ್ಕಿಬಿದ್ರೆ, ಸಾಯ್ ಅಂತ್ ಹೇಳ್ತೊ."

"ಹೇಳಿರೆ?"

"ಸಾಯತ್. ಅಷ್ಟೆ. ಕಳ್ಳ ಆಯ್ಕಂದ್ ಏನಿಲ್ಲೆ, ಬ್ಯಾಡ ಆದ್ರೂ ಸಾಯತ್." ಅವಳು ಅವನ ಎಡಗೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಬೆರಳು ಬಿಡಿಸಿದಳು. ಹೊಟ್ಟೆಯೊಳಗೆ ಮಗುವಿನ ಕೈ ಮೊದಲು ದೋಣಿಯ ಹುಟ್ಟಿನ ಹಲಗೆಯ ಹಾಗೆ ಒಂದೇ ಇರುತ್ತದಂತೆ. ಬೆರಳುಗಳ ನಡುವೆ ಇದ್ದ ಕಣಗಳು, ಹೇಳಿದ ಹೊತ್ತಿಗೆ, ಒಂದೂ ಜಗಳ ಮಾಡದೆ ಸಾಯುತ್ತವಂತೆ. ಅದಕ್ಕೇ ಐದು ಬೆರಳು. "ಇಲ್ಲಿ ಇದ್ದೊ, ಕಾಣಿ. ಇಲ್ಲಿ, ಇಲ್ಲಿ," ಎಂದು ಬೆರಳ ಸಂದಿನಲ್ಲಿ ತನ್ನ ಬೆರಳು ಇಟ್ಟು ತೋರಿಸುತ್ತಿದ್ದಾಗ ಅವಳ ಕಣ್ಣೀರು ಬಿದ್ದದ್ದು. ಹಿಂದಿನ ಸೀಟಿನವರು ನೋಡುತ್ತಾರೆಂದು ಸೂರ ಕೈ ಎಳೆದುಕೊಂಡಿದ್ದ.

"ಇದ್ ಮಾತ್ರ ಸಾಯುದಿಲ್ಲೆ ಅಂತ್ ಕೂತಿತಾ?" ಎಂದು ಕಂಕುಳಿನತ್ತ ಗಲ್ಲ ತೋರಿಸಿ ಕೇಳಿದ್ದ.

"ಅದ್ ಕೆಟ್ಟದ್ದ್ ಅಂತಲ್ಲ ಅಪ್ಪಯ್ಯ. ಅದ್ಕೆ ಹಳ್ದ್ ನೆನ್ಪಾಯ್ತ್ ಅಷ್ಟೆ. ಒಂಟಿ ಇದ್ದ ಕಾಲ."

ಹೆಜ್ಜೆ ಹಿಂದಕ್ಕೆ. ಇನ್ನೊಂದು ಹೆಜ್ಜೆ. ಹಗ್ಗ ಒದ್ದೆಯಾಗಿ, ಉಪ್ಪಾಗಿ, ಅಂಗೈಯಲ್ಲಿ ಜಾರುತ್ತಿತ್ತು. ಬಲೆ ಇವತ್ತು ಭಾರವಿತ್ತು, ಸಾಲಿನಲ್ಲಿ ಸಣ್ಣ ಉಮೇದು ಓಡಾಡುತ್ತಿತ್ತು. "ಬೈಗೆ ಮೀನ್ ಇತ್ತ್ ಮಾರಾಯ್ರೆ, ಹಕ್ಕಿ ಕಾಣಿ!" ಎಂದು ಯಾರೋ ಕೂಗಿದರು. ದೂರದಲ್ಲಿ ಬಲೆಯ ಮೇಲೆ ಕಡಲಹಕ್ಕಿಗಳು ಎದ್ದು ಬೀಳುತ್ತಿದ್ದವು. ಸೂರ ಲೆಕ್ಕ ಹಾಕಿದ್ದ, ರಾಶಿ ಹಾಕುವ ಮೊದಲು ಕುಷ್ಟ ಬೀಡಿ ಹಚ್ಚುತ್ತಾನೆ, ಆಗ ಹತ್ತಿರ ಹೋಗಿ ಹೇಳುವುದು. ಹೇಳುವುದಕ್ಕೆ ವಾಕ್ಯವನ್ನೂ ಮಾಡಿಟ್ಟುಕೊಂಡಿದ್ದ. ಕುಷ್ಟಾ, ನಂಗೆ ಒಂದ್ ಆರ್ ತಿಂಗ್ಳ್ ಆತಿಲ್ಲೆ. ಅದರಾಚೆ ವಾಕ್ಯ ಹೋಗುತ್ತಿರಲಿಲ್ಲ. ಅದರಾಚೆ ಸೀತಕ್ಕ ನಿಂತಿದ್ದಳು.

ತೊಂಬತ್ತೊಂಬತ್ತರ ಕಾರ್ತಿಕ. ಸೀತು ಎಂದು ಅವಳ ಹೆಸರು, ಊರಿಗೆಲ್ಲ ಸೀತಕ್ಕ. ಗಂಡ ದೋಣಿ ಮಗುಚಿ ಹೋದ ಮೇಲೆ ಇಪ್ಪತ್ತು ವರ್ಷ ಇದೇ ಹಗ್ಗ ಎಳೆದವಳು. ಆ ವರ್ಷ ಹಗ್ಗ ಹಿಡಿದು ನಿಲ್ಲುತ್ತಿದ್ದಳು, ಬಾಯಿ ತೆರೆಯುತ್ತಿದ್ದಳು, ಬಲೆ ಮುಂದೆ ಬರುತ್ತಿರಲಿಲ್ಲ. ಸೂರನಿಗೆ ಆಗ ಮೂವತ್ತೆಂಟು. ಎಳೆಯದವರನ್ನು ಹಿಡಿಯುವ ಉಪಾಯ ಅವನೇ ಕಂಡುಹಿಡಿದಿದ್ದ, ಅದರ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಹೆಬ್ಬೆರಳಿನಿಂದ ಹಗ್ಗವನ್ನು ಆಳಿನ ಮುಂದೆ ಒಮ್ಮೆ ಒತ್ತುವುದು, ಹಿಂದೆ ಒಮ್ಮೆ ಒತ್ತುವುದು. ಮುಂದೆ ಬಿಗಿಯಿದ್ದು ಹಿಂದೆ ಸಡಿಲವಿದ್ದರೆ ಅವನು ಎಳೆಯುತ್ತಿದ್ದಾನೆ. ಎರಡೂ ಕಡೆ ಒಂದೇ ಬಿಗಿ ಇದ್ದರೆ ಅವನು ಬರೀ ನಿಂತಿದ್ದಾನೆ. ಹಾಗೆ ಒತ್ತುತ್ತ ಸಾಲಿನಲ್ಲಿ ಬಂದು ಅವನು ಸೀತಕ್ಕನ ಹತ್ತಿರ ನಿಂತ. ಆವತ್ತು ಏನನ್ನೂ ಹೇಳಲಿಲ್ಲ. ರಾಶಿ ಹಾಕಿ, ಅವಳು ಬುಟ್ಟಿಗೆ ಮೀನು ತುಂಬಿಕೊಂಡ ಮೇಲೆ, ಎಲ್ಲರೆದುರು ಹೋಗಿ ಬುಟ್ಟಿ ಕಸಿದು ಹೊಯ್ಗೆಗೆ ಮಗುಚಿದ. "ಕಳ್ ಮುಂಡೆ" ಎಂದೂ ಅಂದ. ಅಂದದ್ದು ಹೌದೋ ಅಲ್ಲವೋ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾನೆ, ಅಂದದ್ದು ಹೌದು. ಸೀತಕ್ಕ ಜಗಳ ಮಾಡಲಿಲ್ಲ. ಖಾಲಿ ಬುಟ್ಟಿಗೆ ಅಂಟಿದ ಹೊಯ್ಗೆಯನ್ನು ಕೊಡವಿ, ಅದನ್ನು ಕವುಚಿ ತಲೆಯ ಮೇಲೆ ಇಟ್ಟುಕೊಂಡು, ಟೋಪಿ ಹಾಕಿದವಳ ಹಾಗೆ ನಡೆದು ಹೋದಳು. ಯಾರೋ ನಕ್ಕರು. ನಂತರ ಹಗ್ಗಕ್ಕೆ ಬರಲಿಲ್ಲ. ಮುಂದಿನ ಮಳೆಗಾಲ ದಾಟಲಿಲ್ಲ. ಹೆಣ ಮೀಯಿಸಿದ ಹೆಂಗಸರಲ್ಲಿ ಅಕ್ಕುವೂ ಒಬ್ಬಳು. ಎಡದ ಮೊಲೆ ಇದ್ದಲ್ಲಿ ಹಳೇ ಬಟ್ಟೆ ಒತ್ತಿ ಕಟ್ಟಿಕೊಂಡಿದ್ದಳಂತೆ, ಬಟ್ಟೆ ತೆಗೆದರೆ ಕೈ ಹೋಗುವಷ್ಟು ಹುಣ್ಣಂತೆ. ವನಜ ಅದನ್ನು ಅನ್ನ ಬಡಿಸುತ್ತ ಹೇಳಿದಳು. ಅವನು ಸಾರು ಹಾಕು ಎಂದ. ಉಂಡ. ಪೂರ್ತಿ ಉಂಡ.

"ಹ್ವಾಯ್! ನಿಲ್ಸಿನಿ!"

ಮುಂದಿನಿಂದ ಕೂಗಿದವನು ರವಿರಾಜ. ಕುಷ್ಟನ ಅಕ್ಕನ ಮಗ, ಮುಂಬೈಯಲ್ಲಿ ಹತ್ತು ವರ್ಷ ಹೋಟೆಲಿನಲ್ಲಿದ್ದು ಬಂದವನು, ಮೂವತ್ತರ ಬಿಸಿ. ಬಲೆ ನಿಂತುಬಿಟ್ಟಿತ್ತು. ಆಚೆಯ ಹಗ್ಗದವರು ಬರುತ್ತಿದ್ದಾರೆ, ಈಚೆಯದು ಬರುತ್ತಿಲ್ಲ. ಬಲೆ ಓರೆಯಾದರೆ ಮೀನು ತಪ್ಪಿಸಿಕೊಳ್ಳುತ್ತದೆ.

"ಈ ಬದಿಯಗೆ ಯಾರೋ ಫುಕಟ್ ನಿಂತಿರ್. ಇವತ್ತ್ ಬಿಡುದಿಲ್ಲೆ ನಾನ್," ಎಂದು ರವಿರಾಜ ಹಗ್ಗ ಬಿಟ್ಟು ಸಾಲಿನ ಪಕ್ಕದಲ್ಲಿ ನಡೆದು ಬರತೊಡಗಿದ. ಹೆಬ್ಬೆರಳು ಮುಂದೆ ಮಾಡಿಕೊಂಡು. ಮುಂದೆ ಒಂದು ಒತ್ತು, ಹಿಂದೆ ಒಂದು ಒತ್ತು. ಆ ಉಪಾಯ ಯಾರದ್ದೆಂದು ಅವನಿಗೆ ಗೊತ್ತಿರಲಿಕ್ಕಿಲ್ಲ. ಸೂರ ನೋಡುತ್ತಿದ್ದ. ತನ್ನದೇ ಹೆಬ್ಬೆರಳು ಹದಿನೈದು ವರ್ಷ ಎಲ್ಲೆಲ್ಲಿಯೋ ತಿರುಗಿ ಬೇರೊಬ್ಬನ ಕೈಯಲ್ಲಿ ತನ್ನತ್ತ ಬರುತ್ತಿತ್ತು. ಆರು ಜನ ಆಚೆ. ಐದು. ಈಗ ಹಗ್ಗ ಬಿಟ್ಟು, ಹೊಟ್ಟೆನೋವು ಎಂದು ಓಡಬಹುದಿತ್ತು. ಈಗ ಹೇಳಿಬಿಡಬಹುದಿತ್ತು. ನಾಲ್ಕು. ಕಂಕುಳಿನೊಳಗಿನದು ಸುಮ್ಮನೆ ಕೂತು ಕೇಳಿಸಿಕೊಳ್ಳುತ್ತಿದೆ ಎನಿಸಿತು. ಅದಕ್ಕೂ ಹೀಗೆಯೇ ಆಗಿರಬೇಕು. ಸಾಯಿ ಎಂದು ಹೇಳಲು ಬರುವವರ ಕಾಲ ಸಪ್ಪಳ ಕೇಳಿ, ಉಸಿರು ಹಿಡಿದು, ಎಲ್ಲರ ಹಾಗೆ ಮುಖ ಮಾಡಿಕೊಂಡು. ಎರಡು. ಸೂರ ಹಿಮ್ಮಡಿ ಹೂತು, ಕಣ್ಣು ಮುಚ್ಚಿ, ಮೈಯ ಅಷ್ಟೂ ಭಾರವನ್ನು ಹಗ್ಗಕ್ಕೆ ಕೊಟ್ಟ.

ತಂತಿ ಕಂಕುಳಿನಿಂದ ತಲೆಯವರೆಗೂ ಹೊತ್ತಿತು. ಬಾಯಿಯಿಂದ ಕೂಗು ಬಂತು. ಅದನ್ನು ಅವನು ಐಲೇಸಾ ಮಾಡಿದ. ರವಿರಾಜ ಅವನ ಮುಂದಿನ ಹಗ್ಗ ಒತ್ತಿದ, ಕಬ್ಬಿಣ. ಹಿಂದಿನದನ್ನು ಒತ್ತಿದ, ಸಡಿಲ. "ಭಲೇ ಸೂರಣ್ಣ," ಎಂದ. ಎರಡು ತಿಂಗಳಿಂದ ಬಂದ ಭಾರಕ್ಕೇ ಮೈ ಒಗ್ಗಿಸಿಕೊಂಡಿದ್ದ ಅಕ್ಕು, ಹಗ್ಗ ತಟ್ಟನೆ ಹಗುರಾದದ್ದೇ ಹಿಂದಕ್ಕೆ ಕುಸಿದು ಹೊಯ್ಗೆಯಲ್ಲಿ ಕೂತೇಬಿಟ್ಟಳು. ಹಗ್ಗ ಅವಳ ಮಡಿಲಲ್ಲಿ ಹಾವಿನ ಹಾಗೆ ಬಿದ್ದಿತ್ತು. ರವಿರಾಜ ಬಗ್ಗಿ ಅವಳ ಈಚೆ ಒತ್ತಿದ, ಆಚೆ ಒತ್ತಿದ. ಎರಡೂ ಒಂದೇ.

"ಅರೇ! ಅಕ್ಕು ಚಿಕ್ಕಮ್ಮ! ನೀವಾ?"

ಅಕ್ಕು ತಲೆ ಎತ್ತಿ ರವಿರಾಜನನ್ನು ನೋಡಲಿಲ್ಲ. ಸೂರನ ಬೆನ್ನನ್ನು ನೋಡುತ್ತಿದ್ದಳು. ಬೆನ್ನಿಗೆ ಅದು ಗೊತ್ತಾಯಿತು.

"ಮೊಳಕಾಲ್ ನೋವ್ ಅಂತ್ ಹೇಳಿರೆ ಮನಿಯಗ್ ಕೂಕಣಿ ಚಿಕ್ಕಮ್ಮ. ನಿಮ್ ಪಾಲಿನ ಭಾರ ಬೇರೆಯವ್ರ್ ಎಳೀಕಾ? ಎಲ್ಲ ಕಾಣಿ, ಎಲ್ಲ ಕಾಣಿ! ಬುಟ್ಟಿ ಮಾತ್ರ ದೊಡ್ಡದ್ ತಕಂಡ್ ಬತ್ರ್!" ಸಾಲಿನಲ್ಲಿ ಯಾರೋ ನಕ್ಕರು. ಅದೇ ನಗೆ. ಅದೇ ಬಾಯಿ ಇರಬೇಕು. ಅಕ್ಕು ಎರಡೂ ಕೈ ಊರಿ ಎದ್ದು, ಸೀರೆಗೆ ಅಂಟಿದ ಹೊಯ್ಗೆಯನ್ನು ಕೊಡವತೊಡಗಿದಳು. ನಿಧಾನವಾಗಿ, ಒಂದು ಮಡಿಕೆ, ಇನ್ನೊಂದು ಮಡಿಕೆ. ಆ ಕೊಡವುವ ಸದ್ದು ಸೂರನಿಗೆ ತಡೆಯಲಾಗಲಿಲ್ಲ.

"ಅದಲ್ಲ," ಎಂದ. "ನಾನ್."

"ಎಂತ ಸೂರಣ್ಣ?"

"ಎಳೀದಿದ್ದದ್ದ್ ನಾನ್. ಎರಡ್ ತಿಂಗ್ಳಾಯ್ತ್. ಅಕ್ಕು ಅಲ್ಲ."

ನಗೆ ಎದ್ದಿತು. ಈ ಸಲ ಎಲ್ಲರೂ. "ಬಿಡಿ ಸೂರಣ್ಣ, ನಾನೇ ಒತ್ತಿ ಕಂಡಿದ್ದೆ," ಎಂದ ರವಿರಾಜ. "ಚಿಕ್ಕಮ್ಮನ ಮೇಲೆ ಕನಿಕರ ಇದ್ರೆ ನಿಮ್ ಪಾಲಗೆ ಅರ್ಧ ಕೊಡಿ." ಆಚೆಯಿಂದ ಒಬ್ಬ, "ಸೂರಣ್ಣಂಗೆ ಕನಿಕರ! ಇವತ್ತ್ ಮಳಿ ಬತ್ತ್ ಕಾಣ್" ಎಂದ. ಮತ್ತೂ ನಗೆ. ಅವನು ನಿಜ ಹೇಳಿದ್ದ, ಆ ನಿಜ ಹೊಯ್ಗೆಗೆ ಬಿದ್ದ ನೀರಿನ ಹಾಗೆ ಇಂಗಿ ಹೋಗುತ್ತಿತ್ತು. ಸುಮ್ಮನಿದ್ದುಬಿಟ್ಟರೆ ಮುಗಿಯಿತು, ಒಳ್ಳೆಯವನೆಂಬ ಹೆಸರು ಬೇರೆ. ಅಕ್ಕು ಬುಟ್ಟಿ ಎತ್ತಿಕೊಂಡಿದ್ದಳು. ಅವಳು ಅದನ್ನು ಕವುಚಿ ತಲೆಗೆ ಇಟ್ಟುಕೊಂಡರೆ ತಾನು ಇಲ್ಲೇ ಹುಚ್ಚನಾಗುತ್ತೇನೆ ಎಂದು ಸೂರನಿಗೆ ಅನಿಸಿತು. ಸಿಟ್ಟು ಬಂತು. ಅವನಿಗೆ ಯಾವತ್ತೂ ಸುಲಭವಾಗಿ ಬರುತ್ತಿದ್ದದ್ದು ಅದೊಂದೇ. "ನಗ್ತ್ರಿಯನಾ ಬೋಳೀ ಮಕ್ಳೆ!" ಎಂದು ಕಿರುಚಿ, ಎಡಗೈಯಿಂದ ಅಂಗಿಯ ಗುಂಡಿಗಳನ್ನು ಕಿತ್ತೆಳೆದು, ಬಲಗೈಯನ್ನು ಎಡಗೈಯಿಂದಲೇ ಹಿಡಿದು ಮೇಲೆತ್ತಿ ನಿಂತ.

ಕಂಕುಳಿನಲ್ಲಿ ಸೂಜಿ ಚುಚ್ಚಿ ತೆಗೆದಲ್ಲಿ ಪಟ್ಟಿ ಅಂಟಿಸಿದ್ದರು. ಬೆವರಿಗೆ ಅದು ಬಿಟ್ಟು ಜೋಲುತ್ತಿತ್ತು. ಅದರ ಕೆಳಗೆ ಅದು ನುಣ್ಣಗೆ, ಕೆಂಪಗೆ, ಚೆನ್ನಾಗಿ ಉಂಡು ಬೆಳೆದದ್ದರ ಹಾಗೆ ಇತ್ತು. ಎಲ್ಲರೂ ನೋಡಿದರು. ನೋಡಿ ಬೇರೆಡೆಗೆ ನೋಡಿದರು. ರವಿರಾಜನ ಹೆಬ್ಬೆರಳು ಇನ್ನೂ ಮುಂದೆಯೇ ಚಾಚಿಕೊಂಡಿತ್ತು. ಅದನ್ನು ಅವನು ಮುಷ್ಟಿಯೊಳಗೆ ಮಡಚಿ ಬೆನ್ನ ಹಿಂದೆ ಇಟ್ಟುಕೊಂಡ.

"ಬಲೆ ಹೋತ್ತ್!" ಎಂದು ಕೂಗಿದ ಕುಷ್ಟ. "ಎಳೀನಿ ಮೊದ್ಲ್! ಮಾತ್ ಆಮೇಲೆ!"

ಅಕ್ಕು ಬುಟ್ಟಿ ಕೆಳಗಿಟ್ಟು ಬಂದು ಹಗ್ಗ ಹಿಡಿದಳು. ಸೂರ ಇದ್ದ ಜಾಗ ಒಂದು ಹೆಜ್ಜೆಯಲ್ಲಿ ಮುಚ್ಚಿಹೋಯಿತು. ಅವನು ಸಾಲಿನ ಹೊರಗೆ ನಿಂತಿದ್ದ. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ ಹಗ್ಗವನ್ನು ಹೊರಗಿನಿಂದ ನೋಡುತ್ತಿದ್ದ. ಜನ ಕಾಣಲಿಲ್ಲ. ಅನೇಕ ಕಾಲಿನ ಒಂದು ಪ್ರಾಣಿ ಕಡಲಿನಿಂದ ಏನನ್ನೋ ಕಚ್ಚಿಕೊಂಡು ಹಿಂದೆ ಹಿಂದೆ ಸರಿಯುತ್ತಿತ್ತು. ಅದರ ಬಾಲದಿಂದ ಒಂದು ತುಣುಕು ಕಳಚಿ, ನಡೆದು, ಬಾಯಿಯ ಹತ್ತಿರ ಮತ್ತೆ ಅಂಟುತ್ತಿತ್ತು. ತಾನು ಕಳಚಿದ್ದರಿಂದ ಅದಕ್ಕೆ ನೋವಾದ ಗುರುತು ಎಲ್ಲಿಯೂ ಇರಲಿಲ್ಲ. ಬಲೆ ಬರುತ್ತಿತ್ತು, ಮೊದಲಿಗಿಂತ ಬೇಗ. ಅವನು ತನ್ನ ಎಡಗೈ ಬಿಡಿಸಿ ಬೆರಳ ಸಂದುಗಳನ್ನು ನೋಡಿಕೊಂಡ. ಅಲ್ಲಿದ್ದವು ಹೇಗೆ ಹೋದವೋ, ಹೋಗುವಾಗ ಹೀಗೆಯೇ ಪಕ್ಕಕ್ಕೆ ನಿಂತು ನೋಡಿದವೋ ಏನೋ. ಅವುಗಳಿಗೆ ಮನೆಯಲ್ಲಿ ಹೆಂಡತಿ ಇರಲಿಲ್ಲ. ಮಗಳು ಇರಲಿಲ್ಲ. ಮೂರನೇ ವರ್ಷದ ಬಿಎಸ್ಸಿ ಬಾಕಿ ಇರಲಿಲ್ಲ. ಸಾಯಿ ಎಂದಾಗ ಹೂಂ ಎಂದದ್ದರಲ್ಲಿ ಏನು ದೊಡ್ಡಸ್ತಿಕೆ ಬಂತು ಮಣ್ಣು! ಅವನಿಗೆ ಸಾಯಲು ಮನಸ್ಸಿರಲಿಲ್ಲ. ಹೊಟ್ಟೆಯ ತಳದಿಂದ, ನಾಚಿಕೆಯಿಲ್ಲದೆ, ಬದುಕಬೇಕು ಎನಿಸಿತು. ಕಂಕುಳಿನೊಳಗಿನದಕ್ಕೂ ಅದೇ ಅನಿಸುತ್ತಿದೆ ಎಂದು ಅವನಿಗೆ ಹೊಳೆಯಿತು.

ಚೀಲ ಹೊಯ್ಗೆ ಮುಟ್ಟಿತು. ಬೈಗೆ, ನಡುನಡುವೆ ಬಂಗಡೆ. ತುಂಬ ಅಲ್ಲ, ಹಕ್ಕಿಗಳು ಹೇಳಿದಷ್ಟು ಅಲ್ಲ. ಕುಷ್ಟ ಬೀಡಿ ಹಚ್ಚಲಿಲ್ಲ. ಬಗ್ಗಿ ಬೊಗಸೆಯಲ್ಲಿ ಮೀನು ತೆಗೆದು ಒಂದೊಂದಾಗಿ ರಾಶಿ ಹಾಕುತ್ತ ಹೋದ. ಜನ ತಮ್ಮ ತಮ್ಮ ರಾಶಿಯ ಹಿಂದೆ ಬುಟ್ಟಿ ಇಟ್ಟುಕೊಂಡು ನಿಂತರು. ಕೊನೆಯ ರಾಶಿಯಾದ ಮೇಲೂ ಬಲೆಯಲ್ಲಿ ಸ್ವಲ್ಪ ಮೀನು ಉಳಿದಿತ್ತು. ಉಳಿದದ್ದನ್ನು ಎಲ್ಲ ರಾಶಿಗೆ ನಾಲ್ಕು ನಾಲ್ಕು ಹಾಕುವುದು ರೂಢಿ. ಕುಷ್ಟ ಅದನ್ನು ಬೊಗಸೆಯಲ್ಲಿ ಎತ್ತಿಕೊಂಡು ನಿಂತ. ನೀರು ಸುರಿಯುತ್ತಿತ್ತು.

"ಸೂರಾ," ಎಂದ. ಕಣ್ಣು ಮೀನಿನ ಮೇಲೇ ಇತ್ತು. "ಇದ್ನ ಎಂತ ಮಾಡುದು? ಕಟ್ಟಳೆ ಮಾಡ್ದವ ನೀನ್. ನೀನೇ ಹೇಳ್."

ಅದು ಚುಚ್ಚುಮಾತೋ, ನಿಜವಾಗಿ ಕೇಳಿದ್ದೋ ಸೂರನಿಗೆ ತಿಳಿಯಲಿಲ್ಲ. ನಲವತ್ತು ಜನ ಕಾಯುತ್ತಿದ್ದರು. ಮಾಡಿಟ್ಟುಕೊಂಡಿದ್ದ ವಾಕ್ಯವನ್ನು ಹುಡುಕಿದ, ಸಿಗಲಿಲ್ಲ. ನಂಗೆ ಎನ್ನಲು ಬಾಯಿ ತೆರೆದ, ಆ ಶಬ್ದ ನಾಲಿಗೆಗೆ ಅಂಟಿಕೊಂಡು ಬಿಡಿಸಿಕೊಳ್ಳಲಿಲ್ಲ.

"ಸೀತಕ್ಕನ ರಾಶಿ ಹಾಕ್," ಎಂದ.

ಹದಿನೈದು ವರ್ಷದಲ್ಲಿ ಆ ಹೆಸರನ್ನು ಆ ಕರೆಯ ಮೇಲೆ ಯಾರೂ ಹೇಳಿರಲಿಲ್ಲ. ಕುಷ್ಟ ಸಾಲಿನ ತುದಿ ದಾಟಿ, ಸ್ವಲ್ಪ ದೂರ ನಡೆದು, ಹಿಂದೆ ಹಾಕುತ್ತಿದ್ದ ಅಳತೆಯ ದೂರವೇ ಇರಬೇಕು ಅದು, ಬೊಗಸೆ ಬಿಡಿಸಿದ. ಸಣ್ಣ ರಾಶಿ. ಅದರ ಹಿಂದೆ ಯಾರೂ ನಿಂತಿರಲಿಲ್ಲ.

ಹಿಂದಿನ ಕಾಲವಾಗಿದ್ದರೆ ಯಾರಾದರೂ ಎತ್ತಿ ಬಾಗಿಲಿಗೆ ಮುಟ್ಟಿಸುತ್ತಿದ್ದರು. ಈಗ ಆ ಅಭ್ಯಾಸ ಯಾರಿಗೂ ಇರಲಿಲ್ಲ. ಸೂರ ಕಾದ. ಯಾರೂ ಮುಂದೆ ಬರಲಿಲ್ಲ. ತನ್ನ ಬುಟ್ಟಿಯನ್ನು ಎಡಗೈಯಲ್ಲಿ ಹಿಡಿದು, ಅಂಗಿ ತೆರೆದೇ ಇದ್ದ ಎದೆಯಲ್ಲಿ, ಎಲ್ಲರ ರಾಶಿಗಳ ಪಕ್ಕದಿಂದ ನಡೆದು ಹೋದ. ಅಕ್ಕುವಿನ ರಾಶಿ ದಾಟುವಾಗ ಅವಳ ಕಾಲಿನ ಪಟ್ಟಿ ಮಾತ್ರ ಕಂಡಿತು. ರಾಶಿಯ ಮುಂದೆ ಬಗ್ಗಲು ನೋಡಿದ, ಬಲಗೈ ಊರಲಾಗದೆ ಮೊಣಕಾಲಲ್ಲಿ ಕುಸಿದ. ಎಡಗೈಯಿಂದ ಒಂದು ಮೀನು ಎತ್ತಿ ಬುಟ್ಟಿಗೆ ಹಾಕಿದ. ಇನ್ನೊಂದು. ಜಾರಿ ಬಿದ್ದದ್ದಕ್ಕೆ ಹೊಯ್ಗೆ ಮೆತ್ತಿಕೊಂಡಿತು, ಅದನ್ನು ತೊಡೆಗೆ ಒರೆಸಿ ಹಾಕಿದ. ಸೀತಕ್ಕನ ಬುಟ್ಟಿಯಿಂದ ಚೆಲ್ಲಿದ್ದನ್ನೆಲ್ಲ ಆವತ್ತು ಕಾಗೆಗಳು ತಿಂದಿದ್ದವು. ಬೆನ್ನ ಹಿಂದೆ ಬುಟ್ಟಿ ಎತ್ತುವ ಸದ್ದಿಗಾಗಿ, ಕಾಲ ಸಪ್ಪಳಕ್ಕಾಗಿ, ನಗೆಗಾಗಿ ಕಿವಿಗೊಟ್ಟ.

ಸಹಾಯಕ್ಕೆ ಯಾರೂ ಬರಲಿಲ್ಲ. ಅವನು ಕೊನೆಯ ಮೀನು ಎತ್ತುವವರೆಗೆ ಮನೆಗೂ ಯಾರೂ ಹೋಗಲಿಲ್ಲ.